ಹಾಯುವ ಎತ್ತೆಂದು ಗೊತ್ತಿದ್ದೂ ಕಟ್ಟದವರು



ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಒಂದು ಎತ್ತಿನ ವಿಚಾರ ಬರುತ್ತದೆ. ಎತ್ತು ಮೊದಲ ಸಲ ಯಾರನ್ನಾದರೂ ಹಾದು ಕೊಂದರೆ ಅದರ ಯಜಮಾನ ನಿರಪರಾಧಿ. ಆದರೆ ಅದು ಹಾಯುವ ಎತ್ತೆಂದು ಮೊದಲೇ ತಿಳಿದಿದ್ದು, ನೆರೆಯವರು ಎಚ್ಚರಿಸಿದ್ದರೂ ಕಟ್ಟದೆ ಬಿಟ್ಟಿದ್ದರೆ ಹೊಣೆ ಯಜಮಾನನ ಮೇಲೆಯೇ. ಅಲ್ಲಿ ತೀರ್ಪು ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ನಿನಗೆ ಗೊತ್ತಿತ್ತೇ?

ನಮ್ಮ ಯುವಕರಲ್ಲಿ ರೋಡ್ ಬೈಕ್ ಓಡಿಸುವವರು ಹೆಚ್ಚುತ್ತಿರುವ ಈ ಹೊತ್ತಿನಲ್ಲಿ, ಇದೇ ಪ್ರಶ್ನೆಯನ್ನು ಜಗತ್ತಿನ ಅತಿ ದೊಡ್ಡ ಸೈಕಲ್ ಬಿಡಿಭಾಗ ಕಂಪೆನಿಗೂ, ಆಮೇಲೆ ನಮಗೂ ಕೇಳಲೇಬೇಕು.

2023ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಶಿಮಾನೋ ಕಂಪೆನಿ ತನ್ನ ಕ್ರ್ಯಾಂಕ್‌ಗಳ ಬಗ್ಗೆ ರೀಕಾಲ್ ಪ್ರಕಟಿಸಿತು. ಕ್ರ್ಯಾಂಕ್ ಎಂದರೆ ಪೆಡಲನ್ನು ಹಿಡಿದುಕೊಂಡಿರುವ ತೋಳು. ನಾವು ತುಳಿಯುವ ಬಲವೆಲ್ಲ ಹೋಗುವುದು ಅದರ ಮೂಲಕವೇ. ಇವು ಸಾಧಾರಣ ಸೈಕಲಿನ ಕ್ರ್ಯಾಂಕ್‌ಗಳಲ್ಲ. ಅಲ್ಟೆಗ್ರಾ, ಡ್ಯೂರಾ-ಏಸ್ ಎಂಬ ಮೇಲ್ದರ್ಜೆಯ ಹೆಸರುಗಳಲ್ಲಿ, ಲಕ್ಷಗಟ್ಟಲೆ ಬೆಲೆಯ ಬೈಕುಗಳಿಗೆ ಕೂರಿಸಿದವು. ತೂಕ ಇಳಿಸಲು ತೋಳನ್ನು ಒಳಗೆ ಟೊಳ್ಳಾಗಿ ಮಾಡುತ್ತಾರೆ. ಅದಕ್ಕಾಗಿ ಎರಡು ಅಲ್ಯೂಮಿನಿಯಂ ಭಾಗಗಳನ್ನು ಅಂಟಿನಿಂದ ಜೋಡಿಸುತ್ತಾರೆ. ಆ ಅಂಟು ಬಿಟ್ಟರೆ ಎರಡು ಭಾಗ ಬೇರೆಯಾಗುತ್ತವೆ, ತೋಳು ಮುರಿಯುತ್ತದೆ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪ್ರಕಟಣೆಯಲ್ಲಿರುವ ಲೆಕ್ಕ ಹೀಗಿದೆ: ಅಮೆರಿಕದಲ್ಲಿ ಸುಮಾರು 6,80,000 ಕ್ರ್ಯಾಂಕ್‌ಗಳು, ಬಿಟ್ಟುಕೊಂಡ ಬಗ್ಗೆ ಕಂಪೆನಿಗೆ ಬಂದ ವರದಿಗಳು 4,519, ಗಾಯಗೊಂಡವರು 6 ಮಂದಿ. ಗಾಯಗಳಲ್ಲಿ ಮೂಳೆ ಮುರಿತವೂ ಇತ್ತು, ಕೀಲು ತಪ್ಪಿದ್ದೂ ಇತ್ತು. ಪ್ರಪಂಚದಾದ್ಯಂತ ಲೆಕ್ಕ ಹಾಕಿದರೆ ಇಂಥ ಕ್ರ್ಯಾಂಕ್‌ಗಳು ಸುಮಾರು 28 ಲಕ್ಷ.

4,519 ಎಂಬುದನ್ನು ಇನ್ನೊಮ್ಮೆ ಓದಿ. ಎತ್ತು ಎಷ್ಟು ಸಲ ಹಾದ ಮೇಲೆ ಅದನ್ನು ಹಾಯುವ ಎತ್ತು ಎನ್ನಬೇಕು?

ರೀಕಾಲ್‌ಗೆ ಒಳಪಟ್ಟದ್ದು 2019ರ ಜುಲೈಗಿಂತ ಮೊದಲು ತಯಾರಾದ ಕ್ರ್ಯಾಂಕ್‌ಗಳು ಮಾತ್ರ. ಅನಂತರದವು ಪಟ್ಟಿಯಲ್ಲಿಲ್ಲ. ಅಂದರೆ 2019ರ ಹೊತ್ತಿಗೆ ತಯಾರಿಕೆಯಲ್ಲಿ ಏನೋ ಬದಲಾಗಿತ್ತು ಎಂದೇ ನಾವು ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಪ್ರಕಟಣೆ ಬಂದದ್ದು 2023ರಲ್ಲಿ. ನಡುವಿನ ನಾಲ್ಕು ವರ್ಷ ಹಳೆಯ ಕ್ರ್ಯಾಂಕ್‌ನ ಮೇಲೆ ತುಳಿಯುತ್ತಿದ್ದವನಿಗೆ ಯಾರು ಹೇಳಿದರು? ಸವಾರರೇ ಮುರಿದ ಕ್ರ್ಯಾಂಕ್‌ಗಳ ಫೋಟೋ ತೆಗೆದು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುತ್ತಿದ್ದರು. ಅದಕ್ಕೆಂದೇ ‘ಥ್ಯಾಂಕ್ಸ್ ಶಿಮಾನೋ’ ಎಂಬ ವ್ಯಂಗ್ಯದ ಹೆಸರಿನ ಪುಟವೂ ಇತ್ತು. ನೆರೆಯವರು ಎಚ್ಚರಿಸಲಿಲ್ಲ ಎಂದು ಹೇಳುವಂತಿಲ್ಲ.

ಇನ್ನು, ರೀಕಾಲ್ ಎಂದರೆ ಮಾರಿದ್ದನ್ನು ವಾಪಸು ಕರೆಸಿಕೊಳ್ಳುವುದು ಎಂದು ನಾವು ತಿಳಿದಿದ್ದೇವೆ. ಇಲ್ಲಿ ಕರೆದದ್ದು ತಪಾಸಣೆಗೆ. ಸವಾರ ಬೈಕನ್ನು ಅಂಗಡಿಗೆ ಒಯ್ಯಬೇಕು, ಮೆಕ್ಯಾನಿಕ್ ನೋಡಬೇಕು. ಅಂಟು ಬಿಡುತ್ತಿರುವ ಗುರುತು ಕಂಡರೆ ಮಾತ್ರ ಉಚಿತವಾಗಿ ಹೊಸ ಕ್ರ್ಯಾಂಕ್. ಕಾಣದಿದ್ದರೆ ಅದೇ ಹಳೆಯದನ್ನು ತುಳಿಯುತ್ತಾ ಹೋಗಬೇಕು. ಅಂಟಿರುವುದು ತೋಳಿನ ಒಳಗೆ, ನೋಡುವುದು ಹೊರಗಿನಿಂದ. ಇವತ್ತು ಸರಿಯಿದೆ ಎಂದು ಹೇಳಿಸಿಕೊಂಡದ್ದು ಮುಂದಿನ ಮಳೆಗಾಲ ಕಳೆದ ಮೇಲೂ ಸರಿಯಿರುತ್ತದೆ ಎಂಬ ಖಾತ್ರಿ ಯಾರದು? ಕಂಪೆನಿ ಮಾಡಿದ ದೋಷದ ಹೊಣೆಯನ್ನು ಅಂಗಡಿಯ ಹುಡುಗನ ಕಣ್ಣಿನ ಮೇಲೆ ಹೊರಿಸುವುದು ನ್ಯಾಯವಲ್ಲ. ತಪಾಸಣೆಯೊಂದೇ ಪರಿಹಾರವಾಗದು ಎಂದು ಅಮೆರಿಕದ ಸವಾರರು ನ್ಯಾಯಾಲಯಕ್ಕೂ ಹೋದರು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಇದೇ ಶಿಮಾನೋ 1997ರಲ್ಲಿ ಮೌಂಟನ್ ಬೈಕುಗಳ ಸುಮಾರು 10 ಲಕ್ಷ ಕ್ರ್ಯಾಂಕ್‌ಗಳನ್ನು ರೀಕಾಲ್ ಮಾಡಿತ್ತು. ಆಗ ಮುರಿದ ವರದಿಗಳು 630ಕ್ಕೂ ಹೆಚ್ಚು, ಗಾಯಗೊಂಡವರು 22 ಮಂದಿ. ಆ ಕ್ರ್ಯಾಂಕ್‌ಗಳನ್ನು ಉಚಿತವಾಗಿ ಬದಲಿಸಿಕೊಡಲಾಯಿತು. 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ರ್ಯಾಮ್ ಕಂಪೆನಿಯ ಹೈಡ್ರಾಲಿಕ್ ರೋಡ್ ಬ್ರೇಕುಗಳು ಕೊರೆಯುವ ಚಳಿಯಲ್ಲಿ ನಡೆದ ಪಂದ್ಯಗಳಲ್ಲಿ ಕೈಕೊಟ್ಟವು. ಒಳಗಿನ ಸೀಲು ಒತ್ತಡ ಹಿಡಿಯಲಿಲ್ಲ. ಯಾರಿಗೂ ಗಾಯವಾದ ವರದಿ ಇರಲಿಲ್ಲ. ಆದರೂ ಕಂಪೆನಿ ಆ ಬ್ರೇಕುಗಳನ್ನು ಬಳಸುವುದನ್ನು ತಕ್ಷಣ ನಿಲ್ಲಿಸಿ ಎಂದು ಹೇಳಿ, ಎಲ್ಲವನ್ನೂ ವಾಪಸು ಪಡೆಯಿತು. 2015ರಲ್ಲಿ ಟ್ರೆಕ್ ಕಂಪೆನಿ ಮುಂದಿನ ಚಕ್ರದ ಕ್ವಿಕ್ ರಿಲೀಸ್ ಲಿವರ್ ಡಿಸ್ಕ್ ಬ್ರೇಕಿಗೆ ಸಿಕ್ಕಿಕೊಳ್ಳುವ ಅಪಾಯಕ್ಕಾಗಿ ಅಮೆರಿಕ, ಕೆನಡಾಗಳಲ್ಲಿ ಸುಮಾರು 10 ಲಕ್ಷ ಬೈಕುಗಳನ್ನು ರೀಕಾಲ್ ಮಾಡಿತು. ಅದಕ್ಕೆ ಕಾರಣವಾದ ವರದಿಗಳು ಮೂರೇ ಮೂರು. ಅವುಗಳಲ್ಲಿ ಒಂದರಲ್ಲಿ ಸವಾರನ ಕೈಕಾಲುಗಳು ಸ್ವಾಧೀನ ಕಳೆದುಕೊಂಡಿದ್ದವು.

ಮೂರು ವರದಿ ಒಬ್ಬರಿಗೆ ಸಾಕಾಯಿತು. ಇನ್ನೊಬ್ಬರಿಗೆ ನಾಲ್ಕೂವರೆ ಸಾವಿರ ಬಂದರೂ ಎಲ್ಲವನ್ನೂ ಬದಲಿಸುವಷ್ಟು ಸಾಕೆನಿಸಲಿಲ್ಲ. ಈ ವ್ಯತ್ಯಾಸವನ್ನೇ ನಾವು ಖಂಡಿಸುವುದು.

ಇದಕ್ಕೆ ಬರುವ ಆಕ್ಷೇಪಗಳು ನಮಗೆ ಗೊತ್ತಿವೆ.

“ಲೆಕ್ಕ ನೋಡಿ, ನೂರರಲ್ಲಿ ಒಂದಕ್ಕೂ ಕಡಿಮೆ ಮುರಿದಿದೆ” ಎನ್ನುತ್ತಾರೆ. ನಿಜ. ಆದರೆ ಕ್ರ್ಯಾಂಕ್ ಮುರಿಯುವುದು ಶೆಡ್ಡಿನಲ್ಲಿ ನಿಂತಾಗ ಅಲ್ಲ. ಏರಿನಲ್ಲಿ ಸೀಟಿನಿಂದ ಎದ್ದು, ಮೈಭಾರವನ್ನೆಲ್ಲ ಪೆಡಲಿಗೆ ಹಾಕಿ ತುಳಿಯುವಾಗಲೇ ಅದರ ಮೇಲೆ ಅತಿ ಹೆಚ್ಚು ಬಲ ಬೀಳುವುದು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಾಗೆ ಬಿದ್ದವನ ಹಿಂದೆ ಏನು ಬರುತ್ತಿರುತ್ತದೆಂದು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ ಕುರುಬನ ಸಾಮತಿ ಕೇಳಿ ಬೆಳೆದವರು ನಾವು. ಶೇಕಡಾವಾರು ಲೆಕ್ಕ ಹಾಕಿ ಆ ಒಂದನ್ನು ಬಿಟ್ಟುಬಿಡಿ ಎಂದರೆ ಒಪ್ಪಲು ನಮ್ಮಿಂದಾಗದು.

“ಇದು ದುಡ್ಡಿದ್ದವರ ಹವ್ಯಾಸ, ಧರ್ಮಕೇಂದ್ರದ ಯುವಜನರಿಗೇಕೆ?” ಎಂದೂ ಕೇಳುತ್ತಾರೆ. ಹೊಸತಾಗಿ ಕೊಳ್ಳುವಾಗ ದುಡ್ಡಿದ್ದವರದು, ಒಪ್ಪುತ್ತೇವೆ. ಆದರೆ ಬೈಕು ಅಲ್ಲೇ ನಿಲ್ಲುವುದಿಲ್ಲ. ಐದಾರು ವರ್ಷ ಕಳೆದ ಮೇಲೆ ಅದು ಸೆಕೆಂಡ್ ಹ್ಯಾಂಡ್ ಆಗಿ ಕಾಲೇಜು ಹುಡುಗನ ಕೈಗೆ ಬರುತ್ತದೆ. ಗಲ್ಫಿನಿಂದ ಊರಿಗೆ ಮರಳುವ ಅಣ್ಣ ತನ್ನದನ್ನು ತಮ್ಮನಿಗೆ ಕೊಡುತ್ತಾನೆ. ಬೆಂಗಳೂರಿನ ಗುಂಪಿನಲ್ಲಿ ಮಾರಾಟಕ್ಕಿದ್ದದ್ದು ಬಸ್ಸಿನಲ್ಲಿ ಮಂಜೇಶ್ವರಕ್ಕೋ ಕುಂಬಳೆಗೋ ಬಂದು ಇಳಿಯುತ್ತದೆ. ರೀಕಾಲ್‌ನ ಪತ್ರ ಹೋದರೆ ಮೊದಲು ಕೊಂಡವನ ವಿಳಾಸಕ್ಕೆ ಹೋದೀತು. ಮೂರನೆಯವನ ಹೆಸರು ಕಂಪೆನಿಯ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಬೆವರು, ತೇವ, ಉಪ್ಪು ಅಲ್ಯೂಮಿನಿಯಂನ ಬೆಸುಗೆಗೂ ಅಂಟಿಗೂ ಒಳ್ಳೆಯದಲ್ಲ. ನಮ್ಮದು ಕಡಲ ತೀರದ ಊರು, ಆರು ತಿಂಗಳು ಮಳೆ. ಹೀಗೆ ಶ್ರೀಮಂತನ ಬೈಕಿನ ದೋಷವನ್ನು ಕೊನೆಗೆ ತುಳಿಯುವವನು ಬಡವರ ಮನೆಯ ಮಗ.

ಆದ್ದರಿಂದ ಕಂಪೆನಿಗೆ ಕೇಳಿದ ಪ್ರಶ್ನೆಯನ್ನು ನಮಗೂ ಕೇಳಿಕೊಳ್ಳೋಣ. ರೀಕಾಲ್ ಪಟ್ಟಿಯಲ್ಲಿದೆ ಎಂದು ತಿಳಿದ ಮೇಲೆ ಬೈಕನ್ನು ಚೆನ್ನಾಗಿ ತೊಳೆದು, ಫೋಟೋ ಹಾಕಿ, ಏನೂ ಹೇಳದೆ ಮಾರುವವನು ಯಾರು? ಅವನೂ ಎತ್ತನ್ನು ಕಟ್ಟದ ಯಜಮಾನನೇ. “ಕೇಳಲಿಲ್ಲ, ಹೇಳಲಿಲ್ಲ” ಎಂಬುದು ಸಂತೆಯಲ್ಲಿ ನಡೆದೀತು, ಪಾಪನಿವೇದನೆಯ ಪೀಠದ ಮುಂದೆ ನಡೆಯದು. ಹೊಸ ಮನೆ ಕಟ್ಟಿದವನು ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕೆಂದು ಧರ್ಮೋಪದೇಶಕಾಂಡ 22ನೆಯ ಅಧ್ಯಾಯ ವಿಧಿಸುತ್ತದೆ. ಬೀಳುವವನು ಯಾರೆಂದು ಆಗ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಅವನಿಗಾಗಿಯೇ ಗೋಡೆ.

ನಮ್ಮ ಯುವಜನರು ಈ ತಿಂಗಳೊಳಗೆ ಮಾಡಬಹುದಾದದ್ದು ಇಷ್ಟು:

ಮೊದಲನೆಯದು, ನಿಮ್ಮಲ್ಲೋ ಗೆಳೆಯರಲ್ಲೋ 11 ಸ್ಪೀಡಿನ ಅಲ್ಟೆಗ್ರಾ ಅಥವಾ ಡ್ಯೂರಾ-ಏಸ್ ಬೈಕ್ ಇದ್ದರೆ ಕ್ರ್ಯಾಂಕ್ ತೋಳಿನ ಹಿಂಬದಿ ನೋಡಿ. ಮಾದರಿ ಎಫ್‌ಸಿ-6800, ಎಫ್‌ಸಿ-9000, ಎಫ್‌ಸಿ-ಆರ್8000, ಎಫ್‌ಸಿ-ಆರ್9100 ಅಥವಾ ಎಫ್‌ಸಿ-ಆರ್9100-ಪಿ ಆಗಿದ್ದರೆ, ಪೆಡಲ್ ಕೂರುವ ಕಡೆ ಇರುವ ಎರಡಕ್ಷರದ ತಯಾರಿಕೆ ಸಂಕೇತವನ್ನು ಬರೆದುಕೊಂಡು ಅಧಿಕೃತ ಅಂಗಡಿಗೆ ಒಯ್ಯಿರಿ. ತುಳಿಯುವಾಗ ಕಿರ್ ಎನ್ನುವ ಹೊಸ ಸದ್ದು ಬಂದರೆ, ಅಂಚಿನಲ್ಲಿ ಬಿರುಕೋ ಸಂದೋ ಕಂಡರೆ ಅದೇ ದಿನ ಓಡಿಸುವುದನ್ನು ನಿಲ್ಲಿಸಿ. ತಪಾಸಣೆ ಒಮ್ಮೆ ಆಗಿದ್ದರೂ ಮತ್ತೆ ಮತ್ತೆ ಮಾಡಿಸಿ.

ಎರಡನೆಯದು, ಮಾರುವಾಗ ಅಥವಾ ಕೊಡುವಾಗ ಬಾಯಿಬಿಟ್ಟು ಹೇಳಿ, ಬರೆದೂ ಕೊಡಿ. ಬಿಲ್ಲನ್ನು ಬೈಕಿನ ಜೊತೆ ದಾಟಿಸಿ. ಮುರಿಯುವ ಅನುಮಾನ ಇರುವ ಭಾಗವನ್ನು ದಾನವಾಗಿಯೂ ಕೊಡಬೇಡಿ.

ಮೂರನೆಯದು, ದನಿ ಎತ್ತಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅಪಾಯಕಾರಿ ವಸ್ತುಗಳನ್ನು ವಾಪಸು ಪಡೆಯುವಂತೆ ಆದೇಶಿಸುವ ಅಧಿಕಾರ ನಮ್ಮ ದೇಶದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಮೆರಿಕದ ಸವಾರ ಕೇಳಿದ್ದನ್ನು ಕೇಳಲು ಕಾಸರಗೋಡಿನ ಸವಾರ ಹಿಂಜರಿಯಬೇಕಾಗಿಲ್ಲ.

ಇನ್ನು ಕಂಪೆನಿಗಳಿಗೆ ನಮ್ಮ ಮಾತು ಒಂದೇ. ದೋಷ ನಿಮ್ಮದೆಂದು ಗೊತ್ತಾದ ದಿನ ಹೇಳಿ, ಪೂರ್ತಿ ಬದಲಿಸಿಕೊಡಿ, ಮೊದಲು ಕೊಂಡವನಿಗಷ್ಟೇ ಅಲ್ಲ, ಈಗ ಓಡಿಸುತ್ತಿರುವವನಿಗೂ. ಖರ್ಚಾಗುತ್ತದೆ, ನಿಜ. ಎತ್ತಿಗೆ ಹಗ್ಗ ಕೊಳ್ಳುವುದಕ್ಕೂ ಖರ್ಚಿತ್ತು. ಮೋಶೆಯ ಧರ್ಮಶಾಸ್ತ್ರ ಆ ನೆಪವನ್ನು ಒಪ್ಪಲಿಲ್ಲ.

ನಮ್ಮೆಲ್ಲ ಸವಾರರನ್ನು ದಾರಿಯುದ್ದಕ್ಕೂ ದೇವರು ಕಾಪಾಡಲಿ. ಅವರ ಕೈಕಾಲುಗಳಾಗಿ ಕಾಪಾಡುವ ಕೆಲಸ ನಮ್ಮದಾಗಲಿ.