ಔಷಧದ ಪರೀಕ್ಷೆಯೂ ರೋಗಿಯ ಸಮ್ಮತಿಯೂ

'ಪ್ರಯೋಗ' ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಎರಡು ಅರ್ಥಗಳುಂಟು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕವನ್ನು ತೂಗಾಡಿಸಿ ಕಾಲವನ್ನಳೆಯುವ ವಿದ್ಯಾರ್ಥಿಗೆ ಅದು ನಿರುಪದ್ರವಿಯಾದ ಶಬ್ದ. ಅದೇ ಶಬ್ದ ಊರ ಕಟ್ಟೆಯ ಮೇಲೆ ಕೇಳಿಬಂದರೆ ಮಾಟವೆಂದು ಅರ್ಥ. 'ಯಾರೋ ಪ್ರಯೋಗ ಮಾಡಿಸ್ಯಾರ' ಎಂದರೆ ಕೇಳಿದವರು ಬೆಚ್ಚುವರು. ಆಸ್ಪತ್ರೆಯಲ್ಲಿ ವೈದ್ಯರು 'ಹೊಸ ಔಷಧದ ಪ್ರಯೋಗಕ್ಕೆ ಒಪ್ಪುವಿರಾ?' ಎಂದು ಕೇಳಿದಾಗ ರೋಗಿಯ ಮನಸ್ಸಿನಲ್ಲಿ ಏಳುವುದು ಬಹುಮಟ್ಟಿಗೆ ಈ ಎರಡನೆಯ ಅರ್ಥದ ಭಯವೇ. 'ನಮ್ಮ ಮೈಯ ಮೇಲೆ ಪ್ರಯೋಗ ಬೇಡ, ಗೊತ್ತಿದ್ದ ಔಷಧವನ್ನೇ ಕೊಡಿ' ಎಂದು ಅವನು ಬೇಡಿಕೊಳ್ಳುವನು.

ಈ ಭಯಕ್ಕೆ ಆಧಾರವಿಲ್ಲವೆಂದು ನಾವು ಹೇಳುವುದಿಲ್ಲ. ಆಧಾರವುಂಟೆಂಬುದನ್ನು ಮುಂದೆ ನೋಡೋಣ. ಆದರೆ 'ಗೊತ್ತಿದ್ದ ಔಷಧ' ಎನ್ನುವುದು ಗೊತ್ತಾದುದು ಹೇಗೆ ಎಂಬ ಪ್ರಶ್ನೆಯನ್ನು ವಿಜ್ಞಾನದ ವಿದ್ಯಾರ್ಥಿಗಳಾದವರು ಕೇಳಲೇಬೇಕು. ಅದಕ್ಕೆ ಉತ್ತರ ಕೊಡಲು ಮಜ್ಜೆಯ ಅರ್ಬುದಗಳಲ್ಲೊಂದಾದ ಮಲ್ಟಿಪಲ್ ಮಯಲೋಮದ ಕಥೆಗಿಂತ ತಕ್ಕ ಉದಾಹರಣೆ ಸಿಕ್ಕುವುದು ಕಷ್ಟ.

ಎಲುಬಿನೊಳಗಣ ಮಜ್ಜೆ ರಕ್ತಕೋಶಗಳ ತವರು. ಅಲ್ಲಿರುವ ಪ್ಲಾಸ್ಮಾ ಕೋಶಗಳು ರೋಗಾಣುಗಳೊಡನೆ ಹೋರಾಡುವ ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸುತ್ತವೆ. ಸ್ವಸ್ಥನಾದ ಮನುಷ್ಯನಲ್ಲಿ ಈ ಪ್ರತಿಕಾಯಗಳು ಅಸಂಖ್ಯ ವಿಧದವು. ಯಾವುದೋ ಒಂದು ಪ್ಲಾಸ್ಮಾ ಕೋಶ ಹತೋಟಿ ಮೀರಿ ತನ್ನಂಥವನ್ನೇ ಹುಟ್ಟಿಸುತ್ತ ಹೋದರೆ ಮಜ್ಜೆಯೆಲ್ಲ ಅದರ ಸಂತತಿಯಿಂದ ತುಂಬಿ, ರಕ್ತದಲ್ಲಿ ಒಂದೇ ಬಗೆಯ ನಿರುಪಯುಕ್ತ ಪ್ರೋಟೀನು ಹೆಚ್ಚುತ್ತದೆ. ಎಲುಬು ಕರಗಿ ಟೊಳ್ಳಾಗುತ್ತದೆ, ರಕ್ತ ಕಡಮೆಯಾಗುತ್ತದೆ, ಮೂತ್ರಪಿಂಡಗಳು ಸೋಲುತ್ತವೆ. ಬಹುಮಟ್ಟಿಗೆ ಐವತ್ತು ದಾಟಿದವರಲ್ಲಿ ಕಾಣುವ ರೋಗವಿದು. ಮೊದಲ ಲಕ್ಷಣವೋ, ಅನೇಕರಲ್ಲಿ ಬರಿಯ ಬೆನ್ನುನೋವು ಮತ್ತು ನಿಶ್ಶಕ್ತಿ.

ಇಲ್ಲಿಯೇ ನಮ್ಮ ಸೀಮೆಯ ಸಂಗತಿ ಬರುತ್ತದೆ. ಕೊಪ್ಪಳ ಜಿಲ್ಲೆಯ ಸಿದ್ದಾಪುರ ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆ, ಭತ್ತದ ನಾಡು. ಕೆಸರಿನಲ್ಲಿ ದಿನವೆಲ್ಲ ಬಗ್ಗಿ ಸಸಿ ನಾಟುವವರಿಗೆ ಬೆನ್ನುನೋವು ಬರುವುದು ಸೋಜಿಗವೇನಲ್ಲ. ಆದುದರಿಂದಲೇ ಯಾರ ಬೆನ್ನುನೋವನ್ನೂ ಯಾರೂ ಎಣಿಸುವುದಿಲ್ಲ. ಭಾರತದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಈ ರೋಗ ಹೊಸದಾಗಿ ಕಾಣಿಸಿಕೊಳ್ಳುವುದೆಂದು ಅಂದಾಜು. ೨೦೧೧ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ ಸುಮಾರು ೧೩.೯ ಲಕ್ಷ. ಆ ಲೆಕ್ಕದಂತೆ ಜಿಲ್ಲೆಯಲ್ಲಿ ವರ್ಷಕ್ಕೆ ಹದಿನಾಲ್ಕು ಮಂದಿಯಾದರೂ ಇರಬೇಕು. ಅವರಲ್ಲಿ ಎಷ್ಟು ಮಂದಿಗೆ ತಮ್ಮ ರೋಗದ ಹೆಸರು ತಿಳಿದಿದ್ದೀತು? ನೋವಿನ ಮಾತ್ರೆ ನುಂಗಿ ಗದ್ದೆಗೆ ಹೋಗುವವರು ಎಷ್ಟು ಮಂದಿ?

ಈ ರೋಗದ ಸುಳಿವು ಹಿಡಿಯುವ ಒಂದು ಮುಖ್ಯ ಪರೀಕ್ಷೆಯ ತತ್ತ್ವ ಭೌತವಿಜ್ಞಾನದ ವಿದ್ಯಾರ್ಥಿಗೆ ಹೊಸದಲ್ಲ. ವಿದ್ಯುತ್ ಕ್ಷೇತ್ರದಲ್ಲಿಟ್ಟ ಪ್ರೋಟೀನುಗಳು ತಮ್ಮ ವಿದ್ಯುದಂಶಕ್ಕೂ ಗಾತ್ರಕ್ಕೂ ತಕ್ಕಂತೆ ಬೇರೆ ಬೇರೆ ವೇಗದಿಂದ ಸರಿದು ಬೇರ್ಪಡುತ್ತವೆ. ಸ್ವೀಡನ್ನಿನ ಟಿಸೇಲಿಯಸ್ ಎಂಬ ವಿಜ್ಞಾನಿ ಈ ಎಲೆಕ್ಟ್ರೊಫೊರೆಸಿಸ್ ವಿಧಾನವನ್ನು ಪಳಗಿಸಿ ೧೯೪೮ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಮಯಲೋಮ ಉಳ್ಳ ಅನೇಕರ ರಕ್ತದಲ್ಲಿ ಒಂದೇ ಪ್ರೋಟೀನು ಗುಂಪುಗೂಡಿ, ಅಗಲವಾದ ದಿಬ್ಬವಿರಬೇಕಾದ ಕಡೆ ಚೂಪಾದ ಶಿಖರವೊಂದು ನಕ್ಷೆಯಲ್ಲಿ ಮೂಡುತ್ತದೆ.

ರೋಗ ಗೊತ್ತಾಯಿತು, ಔಷಧವೇನು? ೧೯೪೭ರಲ್ಲಿ ಸ್ವೀಡನ್ನಿನ ವೈದ್ಯ ನಿಲ್ಸ್ ಆಲ್ವಾಲ್ ಎಂಬವರು ಯುರೆಥೇನ್ ಎಂಬ ರಾಸಾಯನಿಕವನ್ನು ಮಯಲೋಮದ ರೋಗಿಯೊಬ್ಬನಿಗೆ ಕೊಟ್ಟು ಗುಣ ಕಂಡುದನ್ನು ವರದಿ ಮಾಡಿದರು. ರೋಗಿಯ ಹಿಮೊಗ್ಲೊಬಿನ್ ಏರಿತು, ಮಜ್ಜೆಯ ರೋಗಕೋಶಗಳು ಇಳಿದವು. ವರದಿ ಸುಳ್ಳಲ್ಲ, ವೈದ್ಯರೂ ಸಾಮಾನ್ಯರಲ್ಲ. ಬೇರೆ ಗತಿಯಿಲ್ಲದ ರೋಗಕ್ಕೆ ಒಂದು ಮದ್ದು ಸಿಕ್ಕಿತೆಂದು ಲೋಕವೇ ಅದನ್ನು ಹಿಡಿದುಕೊಂಡಿತು. ಹದಿನೈದು ವರ್ಷಗಳಿಗೂ ಮೇಲಾಗಿ ಯುರೆಥೇನೇ ಈ ರೋಗದ 'ಗೊತ್ತಿದ್ದ ಔಷಧ'ವಾಗಿತ್ತು.

ಆಮೇಲೆ ಅಮೆರಿಕದ ವೈದ್ಯರ ಒಂದು ತಂಡ ೮೩ ರೋಗಿಗಳನ್ನು ಆರಿಸಿ, ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿತು. ಒಂದು ಪಂಗಡಕ್ಕೆ ಯುರೆಥೇನ್. ಇನ್ನೊಂದಕ್ಕೆ ಚೆರ್ರಿ ಮತ್ತು ಕೋಲಾ ರುಚಿಯ ಬರಿಯ ಪಾನಕ. ೧೯೬೬ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಯುರೆಥೇನಿನಿಂದ ಯಾವ ಹೆಚ್ಚಿನ ಗುಣವೂ ಇಲ್ಲ. ಇಷ್ಟೇ ಅಲ್ಲ, ಅದನ್ನು ಕುಡಿದವರು ಪಾನಕ ಕುಡಿದವರಿಗಿಂತ ಬೇಗ ತೀರಿಕೊಂಡಿದ್ದರು. ಅಷ್ಟು ವರ್ಷ ಸದುದ್ದೇಶದಿಂದ ಆ ಔಷಧ ಕೊಟ್ಟ ವೈದ್ಯರೆಲ್ಲರೂ ಅರಿಯದೆ ಪ್ರಯೋಗವನ್ನೇ ಮಾಡುತ್ತಿದ್ದರು. ಹೋಲಿಸುವ ಪಂಗಡವಿಲ್ಲದ, ಲೆಕ್ಕವಿಡದ, ಆದುದರಿಂದ ಏನನ್ನೂ ಕಲಿಸದ ಪ್ರಯೋಗ. ಪರೀಕ್ಷೆಗೆ ಹೆದರುವ ನಮ್ಮ ಜನ ಹೆದರಬೇಕಾದುದು ಇಂಥದಕ್ಕೆ ಎಂಬುದೇ ನಮ್ಮ ಅಭಿಪ್ರಾಯ.

ಹೋಲಿಕೆ ಏಕೆ ಬೇಕು? ರೋಗ ತಾನಾಗಿ ಏರಿಳಿಯುವುದುಂಟು. ಔಷಧ ಕುಡಿದೆನೆಂಬ ನಂಬಿಕೆಯಿಂದಲೇ ರೋಗಿಗೆ ಹಗುರವೆನಿಸುವುದುಂಟು. ವೈದ್ಯನ ಕಣ್ಣಿಗೂ ತನ್ನ ಔಷಧದ ಮೇಲೆ ಒಲವುಂಟು. ಗಟ್ಟಿಯಾದ ರೋಗಿಗೆ ಹೊಸದನ್ನೂ ಸೊರಗಿದವನಿಗೆ ಹಳೆಯದನ್ನೂ ಕೊಡುವ ಮನಸ್ಸು ತಿಳಿಯದೆಯೇ ಬಂದೀತು. ಚೀಟಿ ಎತ್ತಿ ಪಂಗಡ ಮಾಡಿದರೆ ಈ ಒಲವಿಗೆ ಎಡೆಯಿಲ್ಲ. ಅಕ್ಕಸಾಲಿಗನು ತೂಗುವ ಮುನ್ನ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿದೆಯೇ ಎಂದು ನೋಡುವನಷ್ಟೆ. ಇದೂ ಅದೇ ಎಚ್ಚರ. ಇನ್ನೊಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಇಂದಿನ ಮಯಲೋಮದ ಪರೀಕ್ಷೆಗಳಲ್ಲಿ ಹೋಲಿಕೆಯ ಪಂಗಡವನ್ನು ಬರಿಯ ಪಾನಕದ ಮೇಲೆ ಬಿಡುವುದಿಲ್ಲ. ಆಗ ಬಳಕೆಯಲ್ಲಿರುವ ಒಳ್ಳೆಯ ಚಿಕಿತ್ಸೆಯನ್ನೇ ಅವರಿಗೆ ಕೊಟ್ಟು, ಹೊಸದು ಅದಕ್ಕಿಂತ ಮೇಲೇ ಎಂದು ನೋಡುತ್ತಾರೆ.

ಇಂಥ ಪರೀಕ್ಷೆಗಳೇ ಈ ರೋಗದ ಹಣೆಬರಹವನ್ನು ತಿದ್ದಿವೆ. ೧೯೯೬ರಲ್ಲಿ ಫ್ರಾನ್ಸಿನ ವೈದ್ಯರು ೨೦೦ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ರೂಢಿಯ ಔಷಧಗಳನ್ನೂ, ಉಳಿದವರಿಗೆ ಭಾರಿ ಪ್ರಮಾಣದ ಔಷಧದ ಬಳಿಕ ಅವರದೇ ಮಜ್ಜೆಯನ್ನು ಮರಳಿ ತುಂಬುವ ಚಿಕಿತ್ಸೆಯನ್ನೂ ಗೊತ್ತುಮಾಡಿದರು. ಐದು ವರ್ಷ ಬದುಕಿರುವ ಸಂಭವ ಮೊದಲ ಪಂಗಡದಲ್ಲಿ ಶೇಕಡ ೧೨, ಎರಡನೆಯದರಲ್ಲಿ ಶೇಕಡ ೫೨ ಎಂದು ಕಂಡುಬಂತು. ೧೯೬೧ರಲ್ಲಿ ಗರ್ಭಸ್ಥ ಶಿಶುಗಳ ಅಂಗಗಳನ್ನು ಊನಗೊಳಿಸಿದ ಅಪಕೀರ್ತಿಯಿಂದ ಮಾರುಕಟ್ಟೆಯಿಂದ ಹೊರಬಿದ್ದ ಥಾಲಿಡೊಮೈಡ್, ೧೯೯೯ರಲ್ಲಿ ಬೇರೆ ಔಷಧಗಳಿಗೆ ಬಗ್ಗದ ೮೪ ಮಯಲೋಮ ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಿಗೆ ಫಲ ಕೊಟ್ಟಿತು. ಅದರ ಸಂತತಿಯ ಲೆನಲಿಡೊಮೈಡ್ ಈಗ ನಮ್ಮ ದೇಶದಲ್ಲಿಯೇ ತಯಾರಾಗುತ್ತಿದೆ. ಒಂದೇ ವಸ್ತು ಒಬ್ಬರಿಗೆ ವಿಷ, ಇನ್ನೊಬ್ಬರಿಗೆ ಮದ್ದು ಎಂಬುದನ್ನು ಪರೀಕ್ಷೆಯಲ್ಲದೆ ಬೇರಾವುದು ತಿಳಿಸೀತು?

ಈಗಿನ ಹೊಸ ಚಿಕಿತ್ಸೆ ಕಾರ್-ಟಿ ಎಂಬುದು. ರೋಗಿಯ ರಕ್ತದಿಂದಲೇ ರಕ್ಷಕ ಕೋಶಗಳನ್ನು ತೆಗೆದು, ಅವುಗಳಿಗೆ ಹೊಸ ಜೀನನ್ನು ಸೇರಿಸಿ, ರೋಗಕೋಶವನ್ನು ಗುರುತಿಸುವ ಶಕ್ತಿ ಬರಿಸಿ, ಮತ್ತೆ ರಕ್ತಕ್ಕೆ ಬಿಡುವುದು ಅದರ ಕ್ರಮ. ಅಪಾಯಗಳೂ ಉಂಟು; ತೀವ್ರ ಜ್ವರ, ನರಮಂಡಲದ ತೊಂದರೆ ಬರಬಹುದು. ೨೦೨೩ರಲ್ಲಿ ೪೧೯ ಮಯಲೋಮ ರೋಗಿಗಳ ಹೋಲಿಕೆಯ ಪರೀಕ್ಷೆಯೊಂದು ಪ್ರಕಟವಾಯಿತು. ರೋಗ ಮುಂದುವರಿಯುವ ಅಥವಾ ಸಾವು ಬರುವ ಅಪಾಯ ಈ ಚಿಕಿತ್ಸೆಯಿಂದ ಸುಮಾರು ನಾಲ್ಕನೆಯ ಒಂದು ಪಾಲಿಗೆ ಇಳಿದಿತ್ತು. ನಮ್ಮಲ್ಲಿಯೂ ೨೦೨೩ರ ಅಕ್ಟೋಬರಿನಲ್ಲಿ ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರ ಶ್ರಮದಿಂದ ಹುಟ್ಟಿದ ಕಾರ್-ಟಿ ಚಿಕಿತ್ಸೆಗೆ ಅನುಮತಿ ದೊರೆಯಿತು. ೨೦೨೫ರಲ್ಲಿ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ಚಿಕಿತ್ಸೆಯೂ ಬಳಕೆಗೆ ಬಂದಿತು. ಇವೆರಡೂ ಮಯಲೋಮಕ್ಕಲ್ಲ, ಬೇರೆ ರಕ್ತಸಂಬಂಧಿ ಅರ್ಬುದಗಳಿಗೆ. ಆದರೂ ಆ ವಿದ್ಯೆ ನಮ್ಮ ನೆಲದಲ್ಲಿ ಬೇರೂರಿತೆಂಬುದು ಸಂತೋಷದ ಸಂಗತಿ.

ವಿರಳವಾದ ರೋಗದಲ್ಲಿ ಒಂದು ವಿಶೇಷ ತೊಡಕುಂಟು. ಹತ್ತು ರೋಗಿಗಳಲ್ಲಿ ನಾಲ್ವರಿಗೆ ಗುಣವಾಯಿತೆನ್ನೋಣ. 'ಶೇಕಡ ನಲವತ್ತು' ಎಂದು ಬರೆಯುವವನು ಅದರ ಪಕ್ಕದಲ್ಲಿ 'ಹೆಚ್ಚು ಕಡಮೆ ಮೂವತ್ತು' ಎಂಬ ಅನಿಶ್ಚಿತತೆಯನ್ನೂ ಬರೆಯಬೇಕು. ನಿಜವಾದ ಪ್ರಮಾಣ ಹತ್ತಕ್ಕೆ ಒಬ್ಬರೂ ಆಗಿರಬಹುದು, ಏಳು ಮಂದಿಯೂ ಆಗಿರಬಹುದು. ಸಾವಿರ ರೋಗಿಗಳಲ್ಲಿ ನಾನೂರು ಮಂದಿಗೆ ಗುಣವಾದರೆ ಆ ಅನಿಶ್ಚಿತತೆ ಸುಮಾರು ಮೂರಕ್ಕೆ ಇಳಿಯುತ್ತದೆ. ರೋಗಿಗಳ ಸಂಖ್ಯೆ ನೂರು ಮಡಿಯಾದರೆ ದೋಷ ಕುಗ್ಗುವುದು ಹತ್ತನೆಯ ಒಂದು ಪಾಲಿಗೆ; ವರ್ಗಮೂಲದ ಈ ನಿಯಮಕ್ಕೆ ವೈದ್ಯಶಾಸ್ತ್ರವೂ ತಲೆಬಾಗಬೇಕು. ಲಕ್ಷಕ್ಕೊಬ್ಬರಿಗೆ ಬರುವ ರೋಗದಲ್ಲಿ ಒಂದು ಆಸ್ಪತ್ರೆ ಇಷ್ಟು ರೋಗಿಗಳನ್ನು ಎಲ್ಲಿಂದ ತಂದೀತು? ಅನೇಕ ಊರುಗಳ ಆಸ್ಪತ್ರೆಗಳು ಕೂಡಿಯೇ ಆ ಸಂಖ್ಯೆಯನ್ನು ಮುಟ್ಟಬೇಕು. ಹೀಗಿರುವಲ್ಲಿ ನಮ್ಮ ಜಿಲ್ಲೆಯ ಹದಿನಾಲ್ಕು ಮಂದಿ ಲೆಕ್ಕಕ್ಕೆ ಸೇರದೆ ಉಳಿದರೆ ನಷ್ಟ ಅವರಿಗೆ ಮಾತ್ರವಲ್ಲ. ರಾಜಧಾನಿಗಳ ರೋಗಿಗಳ ಮೇಲೆ ತೂಗಿದ ಔಷಧ, ಬಿಸಿಲಿನಲ್ಲಿ ದುಡಿದು ರಕ್ತ ಬತ್ತಿದ, ತಡವಾಗಿ ಆಸ್ಪತ್ರೆ ಸೇರಿದ ರೈತನಿಗೂ ಅಷ್ಟೇ ಒಗ್ಗುವುದೆಂದು ಯಾರು ಭರವಸೆ ಕೊಟ್ಟಾರು?

ಇನ್ನು ಭಯದ ಆಧಾರ. ಖಮ್ಮಂ ಜಿಲ್ಲೆಯಲ್ಲಿ ೨೦೦೯ರಲ್ಲಿ ಬಾಲಕಿಯರಿಗೆ ಗರ್ಭಕಂಠದ ಅರ್ಬುದ ತಡೆಯುವ ಲಸಿಕೆಯ ಯೋಜನೆಯೊಂದು ನಡೆಯಿತು. ೨೦೧೦ರಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಅನೇಕ ಬಾಲಕಿಯರ ಪರವಾಗಿ ತಂದೆತಾಯಿಗಳ ಬದಲು ವಸತಿನಿಲಯದ ಮೇಲ್ವಿಚಾರಕರು ಸಮ್ಮತಿಪತ್ರಕ್ಕೆ ರುಜು ಹಾಕಿದ್ದರೆಂಬುದನ್ನು ೨೦೧೩ರಲ್ಲಿ ಸಂಸತ್ತಿನ ಸಮಿತಿ ಕಟುವಾಗಿ ಖಂಡಿಸಿತು. ಲಸಿಕೆಯೇ ಕೆಡುಕೆಂದು ಇದರಿಂದ ಸಿದ್ಧವಾಗದು. ಆದರೆ ಬಡವನ ಸಮ್ಮತಿಯನ್ನು ಇನ್ನೊಬ್ಬರು ಕೊಡಬಹುದೆಂಬ ಭಾವನೆ ಎಷ್ಟು ಸಲೀಸೆಂಬುದು ಸಿದ್ಧವಾಯಿತು.

ಕಾನೂನು ಈಗ ಬಿಗಿಯಾಗಿದೆ. ೨೦೦೯ರ ಜೂನ್ ೧೫ರಿಂದ ದೇಶದಲ್ಲಿ ಔಷಧಪರೀಕ್ಷೆಗಳನ್ನು ಮೊದಲೇ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸಬೇಕು. ೨೦೧೯ರ ನಿಯಮಗಳಂತೆ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಮ್ಮತಿ ಪಡೆಯಬೇಕು. ಪರೀಕ್ಷೆಯಿಂದ ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ರೋಗಿಗುಂಟು. ಪರೀಕ್ಷೆಯನ್ನು ಒಪ್ಪುವ ನೀತಿಸಮಿತಿಯಲ್ಲಿ ವೈದ್ಯನಲ್ಲದ ಸಾಮಾನ್ಯ ನಾಗರಿಕನೊಬ್ಬ ಇರಲೇಬೇಕು.

ಕಾನೂನು ಕಾಗದದ ಮೇಲಿದ್ದರೆ ಸಾಲದು. 'ತಿಳಿಯುವ ಭಾಷೆ' ಎಂದರೆ ಕನ್ನಡ ಲಿಪಿಯಲ್ಲಿ ಅಚ್ಚಾದ ಇಪ್ಪತ್ತು ಪುಟಗಳ ಕಗ್ಗವೇ? ಗಂಗಾವತಿಯ ಕಡೆಯ ರೈತನೊಬ್ಬ ಅದನ್ನು ಓದಿಸಿ ಕೇಳಿ, ಮನೆಗೆ ಹೋಗಿ ಮಕ್ಕಳೊಡನೆ ಮಾತಾಡಿ, ಮರುವಾರ ಬಂದು ತನ್ನ ಮಾತಿನಲ್ಲಿ ಅದನ್ನು ತಿರುಗಿ ಹೇಳುವಂತಾದರೆ ಮಾತ್ರ ಅದನ್ನು ಸಮ್ಮತಿಯೆನ್ನಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ನಮ್ಮಿಂದ ಮುನ್ನೂರು ಕಿಲೊಮೀಟರಿಗೂ ಮೇಲು. ಪ್ರತಿ ಸಲ ರಕ್ತ ಕೊಡಲು ಅಷ್ಟು ದೂರ ಹೋಗುವವನು ಆ ದಿನಗಳ ಕೂಲಿಯನ್ನು ಕಳೆದುಕೊಳ್ಳುವನು. ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆಯುಂಟು. ಕೊಪ್ಪಳದಲ್ಲಿ ೨೦೧೫ರಿಂದ ಸರಕಾರಿ ವೈದ್ಯಕೀಯ ವಿದ್ಯಾಲಯವುಂಟು. ರೋಗದ ಸುಳಿವು ಹಿಡಿಯುವ ಪರೀಕ್ಷೆ, ರಕ್ತದ ತಪಾಸಣೆ, ತಿಂಗಳ ವಿಚಾರಣೆ ಇವನ್ನು ಇಂಥ ಕಡೆಗಳಲ್ಲಿಯೇ ನಡಸಿ, ಪ್ರಯಾಣದ ವೆಚ್ಚವನ್ನೂ ಕೂಲಿಯ ನಷ್ಟವನ್ನೂ ಪರೀಕ್ಷೆ ನಡಸುವವರೇ ತುಂಬಿಕೊಡಬೇಕು.

ಇದು ಆಗದ ಮಾತಲ್ಲ. ೧೯೫೬ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯರೋಗ ಕೇಂದ್ರ ೧೯೩ ರೋಗಿಗಳನ್ನು ಎರಡು ಪಂಗಡ ಮಾಡಿ, ಕೆಲವರಿಗೆ ಆರೋಗ್ಯಧಾಮದಲ್ಲಿಯೂ ಕೆಲವರಿಗೆ ಅವರ ಇಕ್ಕಟ್ಟಾದ ಮನೆಗಳಲ್ಲಿಯೂ ಚಿಕಿತ್ಸೆ ಕೊಟ್ಟಿತು. ಮನೆಯ ಚಿಕಿತ್ಸೆ ಬಹುಮಟ್ಟಿಗೆ ಅಷ್ಟೇ ಫಲಕಾರಿಯೆಂದು ೧೯೫೯ರಲ್ಲಿ ತಿಳಿದುಬಂತು. ಬಡವರ ಮನೆಬಾಗಿಲಲ್ಲಿ ನಡೆದ ಆ ಪರೀಕ್ಷೆ ಲೋಕದ ಕ್ಷಯಚಿಕಿತ್ಸೆಯನ್ನೇ ಬದಲಿಸಿತು. ಅದರಲ್ಲಿ ಪಾಲುಗೊಂಡವರ ಹೆಸರುಗಳನ್ನು ಯಾರೂ ಅರಿಯರು. ಉಪಕಾರ ಮಾತ್ರ ಉಳಿದಿದೆ.

ವಿದ್ಯಾರ್ಥಿಗಳು ಇಂದು ಮಾಡಬಹುದಾದ ಕೆಲಸವೂ ಒಂದುಂಟು. ಹೊಸ ಔಷಧದ ಸುದ್ದಿ ಕೇಳಿದಾಗಲೆಲ್ಲ ಮೂರು ಪ್ರಶ್ನೆ ಹಾಕಿರಿ: ಎಷ್ಟು ಮಂದಿಗೆ ಕೊಟ್ಟರು? ಯಾರೊಡನೆ ಹೋಲಿಸಿದರು? ಗುಣವಾಗದವರ ಲೆಕ್ಕವನ್ನೂ ಕೊಟ್ಟಿದ್ದಾರೆಯೇ? ಸಂತೆಯಲ್ಲಿ ಸರ್ವರೋಗಹರ ಮದ್ದು ಮಾರುವವನು ರೋಗಿಯ ರುಜು ಕೇಳುವುದಿಲ್ಲ, ಸತ್ತವರ ಲೆಕ್ಕವನ್ನೂ ಇಡುವುದಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಬೆನ್ನುನೋವಿನೊಡನೆ ನಿಶ್ಶಕ್ತಿಯೂ ಸೇರಿ ವಾರಗಟ್ಟಲೆ ಬಿಡದಿದ್ದರೆ ಅವರನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿರಿ. ಮುಂದೆ ಯಾವುದಾದರೂ ಪರೀಕ್ಷೆಯ ಸಮ್ಮತಿಪತ್ರ ಅವರ ಮುಂದೆ ಬಂದರೆ ಪಕ್ಕದಲ್ಲಿ ಕುಳಿತು, ನಿಮ್ಮ ಮನೆಮಾತಿನಲ್ಲಿ ಅದನ್ನು ಸಾಲುಸಾಲಾಗಿ ಓದಿ ಹೇಳಿರಿ. ಒಪ್ಪುವುದೂ ಬಿಡುವುದೂ ಅವರ ಇಷ್ಟ.