ಕ್ಲಚ್ ಬದಲಿಸುವ ಮೊದಲು ಒಂದಿಷ್ಟು ಲೆಕ್ಕ

ಕಾರಿರುವ ಮನೆಗಳಲ್ಲಿ ಪೆಟ್ರೋಲು, ವಿಮೆ, ಟೈರು ಇವುಗಳ ಖರ್ಚನ್ನು ಮೊದಲೇ ಎಣಿಸಿ ಇಟ್ಟುಕೊಂಡಿರುತ್ತಾರೆ. ಕ್ಲಚ್ಚಿನ ಖರ್ಚು ಮಾತ್ರ ಹೇಳದೆ ಕೇಳದೆ ಬರುವ ನೆಂಟನ ಹಾಗೆ. ಅದೂ ಮಕ್ಕಳ ಫೀಸು ಕಟ್ಟುವ ತಿಂಗಳಲ್ಲೇ ಬಂದು ಕೂರುತ್ತದೆ.

ಕ್ಲಚ್ ಅಂದರೇನು ತಾತ ಎಂದು ಕೇಳುವ ಮಕ್ಕಳು ಎರಡೂ ಅಂಗೈಗಳನ್ನು ಒಂದಕ್ಕೊಂದು ಗಟ್ಟಿಯಾಗಿ ಒತ್ತಿ ಹಿಡಿಯಲಿ. ಒಂದು ಕೈಯನ್ನು ತಿರುಗಿಸಿದರೆ ಇನ್ನೊಂದೂ ಜೊತೆಗೇ ತಿರುಗುತ್ತದೆ. ಸ್ವಲ್ಪ ಸಡಿಲ ಬಿಟ್ಟರೆ ಒಂದು ತಿರುಗಿದರೂ ಇನ್ನೊಂದು ಸುಮ್ಮನಿರುತ್ತದೆ. ಕಾರಿನೊಳಗೆ ನಡೆಯುವುದೂ ಇಷ್ಟೇ. ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ ಫ್ಲೈವೀಲ್. ಅದಕ್ಕೆ ಆತುಕೊಂಡು ಕೂರುವುದು ಕ್ಲಚ್ ಪ್ಲೇಟ್. ಅದನ್ನು ಸ್ಪ್ರಿಂಗಿನ ಬಲದಿಂದ ಅಮುಕಿ ಹಿಡಿಯುವುದು ಪ್ರೆಶರ್ ಪ್ಲೇಟ್. ಎಡಗಾಲಲ್ಲಿ ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಹೋಗಿ ಆ ಸ್ಪ್ರಿಂಗನ್ನು ಒತ್ತುತ್ತದೆ, ಹಿಡಿತ ಬಿಡುತ್ತದೆ. ಗೇರ್ ಬೀಳುವುದು ಆ ಅರೆಗಳಿಗೆಯಲ್ಲಿ.

ನಮ್ಮ ಬೀದಿಯ ಟೀಚರಮ್ಮ ಒಬ್ಬರಿದ್ದಾರೆ. ಹತ್ತು ವರ್ಷ ದಾಟಿದ ಸಣ್ಣ ಪೆಟ್ರೋಲ್ ಕಾರಿನಲ್ಲಿ ದಿನಾ ಹಳ್ಳಿ ಶಾಲೆಗೆ ಹೋಗಿಬರುತ್ತಾರೆ. ಮಗಳಿಗೆ ಕಾಲೇಜು ಸೇರಿಸುವ ಹೊತ್ತಿನಲ್ಲೇ ಗ್ಯಾರೇಜಿನವರು ಕ್ಲಚ್ ಹೋಗಿದೆ ಎಂದು ಒಂದು ದೊಡ್ಡ ಎಸ್ಟಿಮೇಟ್ ಕೊಟ್ಟಿದ್ದರು. ಇನ್ನೊಬ್ಬ ಮೆಕ್ಯಾನಿಕ್ ಹೇಳಿದ್ದು ಅದರ ಅರ್ಧ. "ಅಂಕಲ್, ಯಾರ ಮಾತು ನಂಬಲಿ? ಎರಡರ ನಡುವಿನ ಹಣ ಅಂದ್ರೆ ನನ್ನ ಮಗಳ ಹಾಸ್ಟೆಲ್ ದುಡ್ಡು," ಅಂದರು. "ಯಾರನ್ನೂ ನಂಬಬೇಡಮ್ಮ, ಮೊದಲು ಕಾರನ್ನೇ ಕೇಳೋಣ" ಅಂದೆ.

ಕಾರನ್ನು ಕೇಳುವ ಬಗೆ ಹೀಗೆ. ಖಾಲಿಯಿರುವ ಏರು ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಚೆನ್ನಾಗಿ ಒತ್ತಬೇಕು. ಎಂಜಿನ್ ಜೋರಾಗಿ ಕೂಗಿಕೊಂಡರೂ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಸುಟ್ಟ ವಾಸನೆಯೂ ಬಂದರೆ ಅನುಮಾನವೇ ಬೇಡ. ಗೇರ್ ಹಾಕುವಾಗ, ಅದರಲ್ಲೂ ರಿವರ್ಸಿಗೆ, ಕರಕರ ಸದ್ದಾದರೆ ಅದು ಬೇರೆ ಕಾಯಿಲೆ. ಅಲ್ಲಿ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲ್ ತುಳಿದಾಗ ಮಾತ್ರ ಕೀರಲು ಸದ್ದು ಬಂದರೆ ಹೆಚ್ಚಾಗಿ ರಿಲೀಸ್ ಬೇರಿಂಗ್. ತುಳಿದಾಗ ನಿಂತು, ಬಿಟ್ಟಾಗ ಬರುವ ಸದ್ದಾದರೆ ಗೇರ್ ಬಾಕ್ಸಿನ ಬೇರಿಂಗನ್ನು ನೋಡಿಸಬೇಕು.

ಕೇಬಲ್ ಕ್ಲಚ್ಚಿನ ಕಾರುಗಳಲ್ಲಿ ಇನ್ನೊಂದು ಸಂಗತಿಯಿದೆ. ಪ್ಲೇಟ್ ಸವೆದಂತೆ ಪೆಡಲ್ಲಿನ ತುದಿಯಲ್ಲಿರಬೇಕಾದ ಸಡಿಲ ಕಡಿಮೆಯಾಗುತ್ತಾ ಹೋಗುತ್ತದೆ. ಅದು ಪೂರ್ತಿ ಹೋದರೆ ನಾವು ಕಾಲಿಡದಿದ್ದರೂ ಪೆಡಲ್ ಅರೆಬರೆ ತುಳಿದಂತೆಯೇ ಇರುತ್ತದೆ, ಕ್ಲಚ್ ಜಾರುತ್ತದೆ. ಕೇಬಲ್ಲಿನ ನಟ್ಟನ್ನು ಒಂದಿಷ್ಟು ತಿರುಗಿಸಿದರೆ ಸರಿಹೋಗುವ ಕೇಸುಗಳೂ ಇವೆ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಆಯಿಲ್ ಕಡಿಮೆಯಾಗಿ ಅಥವಾ ಪೈಪಿನೊಳಗೆ ಗಾಳಿ ಸೇರಿ ಗೇರ್ ಬೀಳದೆ ಹೋಗಬಹುದು. ಇವನ್ನೆಲ್ಲ ನೋಡದೆ ಗೇರ್ ಬಾಕ್ಸ್ ಇಳಿಸಿ ಎನ್ನುವವರಿಂದ ನಾನಾದರೆ ದೂರವೇ ಇರುತ್ತೇನೆ.

ಟೀಚರಮ್ಮನ ಕಾರಿಗೆ ಕೇಬಲ್ ಸರಿಮಾಡಿಸಿದ ಮೇಲೂ ಏರಿನಲ್ಲಿ ಜಾರುವುದು ನಿಲ್ಲಲಿಲ್ಲ. ಬದಲಿಸಲೇಬೇಕಾಯಿತು. ಎರಡು ಎಸ್ಟಿಮೇಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಗುಟ್ಟು ತಿಳಿಯಿತು. ದೊಡ್ಡದರಲ್ಲಿ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಇದ್ದವು. ಸಣ್ಣದರಲ್ಲಿ ಬರೀ ಪ್ಲೇಟ್.

ಇಲ್ಲಿ ನನ್ನ ಹಳೆಯ ಲೆಡ್ಜರ್ ಬುದ್ಧಿ ಕೆಲಸಕ್ಕೆ ಬರುತ್ತದೆ. ಮಾತಿಗೆ ಹೀಗೆಂದುಕೊಳ್ಳಿ: ಪ್ಲೇಟ್ 2,000 ರೂಪಾಯಿ, ಮೂರೂ ಸೇರಿದ ಸೆಟ್ 4,500, ಗೇರ್ ಬಾಕ್ಸ್ ಇಳಿಸಿ ಏರಿಸುವ ಕೂಲಿ 2,500. ಪ್ಲೇಟ್ ಮಾತ್ರ ಹಾಕಿಸಿದರೆ ಇಂದಿನ ಖರ್ಚು 4,500. ಮುಂದಿನ ವರ್ಷ ಹಳೆಯ ಬೇರಿಂಗ್ ಕೈಕೊಟ್ಟಿತು ಅನ್ನಿ. ಬೇರಿಂಗಿಗೆ 800, ಕೂಲಿ ಮತ್ತೆ 2,500. ಒಟ್ಟು 7,800. ಮೊದಲೇ ಸೆಟ್ ಹಾಕಿಸಿದ್ದರೆ 7,000ಕ್ಕೆ ಮುಗಿಯುತ್ತಿತ್ತು, ಪ್ರೆಶರ್ ಪ್ಲೇಟೂ ಹೊಸದಾಗಿರುತ್ತಿತ್ತು. ಕೂಲಿಯನ್ನು ಎರಡು ಸಲ ಕೊಡುವುದೇ ಇಲ್ಲಿರುವ ನಷ್ಟ. ಎರಡು ವರ್ಷದ ಹಿಂದಷ್ಟೇ ಸೆಟ್ ಹಾಕಿಸಿದ್ದು, ಎಣ್ಣೆ ಸೋರಿ ಪ್ಲೇಟ್ ಮಾತ್ರ ಕೆಟ್ಟಿದ್ದರೆ ಮಾತು ಬೇರೆ.

ಯಾವ ಕಂಪನಿಯದು ಕೊಳ್ಳಬೇಕು? ಕಾರು ಮಾಡುವವರು ಸಾಮಾನ್ಯವಾಗಿ ಕ್ಲಚ್ಚನ್ನು ತಾವೇ ಮಾಡುವುದಿಲ್ಲ. ವ್ಯಾಲಿಯೊ, ಲುಕ್, ಎಕ್ಸೆಡಿಯಂಥವರಿಂದ ತರಿಸುತ್ತಾರೆ. ಹಾಗಾಗಿ ಕಾರು ಕಂಪನಿಯ ಡಬ್ಬಿಯೇ ಬೇಕೆಂದೇನಿಲ್ಲ. ಇಂಥವರ ಸ್ವಂತ ಡಬ್ಬಿಯಲ್ಲಿ ಬರುವ ಸೆಟ್ಟೂ ಒಳ್ಳೆಯದೇ, ಬೆಲೆಯೂ ಹಲವು ಸಲ ಕಡಿಮೆ. ಆದರೆ ನಕಲಿ ಮಾಲೂ ಇದೇ ಹೆಸರಿನಲ್ಲಿ ಬರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಅಷ್ಟೇ, ನಿಮ್ಮೂರಿನ ಅಂಗಡಿಯಲ್ಲಿ ಕೊಂಡರೂ ಅಷ್ಟೇ: ಸೀಲು ಒಡೆಯದ ಡಬ್ಬಿ, ಅದರ ಮೇಲೆ ಪಾರ್ಟ್ ನಂಬರ್, ಜಿ.ಎಸ್.ಟಿ. ಇರುವ ಬಿಲ್. ಬಿಲ್ ಬೇಡವಾದರೆ ಇಷ್ಟು ಕಡಿಮೆ ಎನ್ನುವ ಅಂಗಡಿಯ ಮೆಟ್ಟಿಲು ಇಳಿದುಬಿಡಿ. ಹಳೆಯ ಪ್ಲೇಟಿಗೇ ಹೊಸ ಲೈನಿಂಗ್ ಅಂಟಿಸಿ ಕೊಡುವುದೂ ಉಂಟು. ಮನೆಮಂದಿ ಕೂರುವ ಕಾರಿಗೆ ಅದು ನನಗಂತೂ ಒಪ್ಪಿಗೆಯಿಲ್ಲ.

ಕಾರಿನ ಹೆಸರೊಂದನ್ನೇ ಹೇಳಿ ಸೆಟ್ ತರಬೇಡಿ. ಒಂದೇ ಹೆಸರಿನ ಕಾರು ಪೆಟ್ರೋಲಿನಲ್ಲೂ ಡೀಸೆಲಿನಲ್ಲೂ ಬಂದಿರುತ್ತದೆ, ನಡುವೆ ಎಂಜಿನ್ ಬದಲಾಗಿರುತ್ತದೆ. ಪ್ಲೇಟಿನ ಅಗಲ, ನಡುವಿನ ತೂತಿನ ಹಲ್ಲುಗಳ ಎಣಿಕೆ ಎರಡೂ ಹೊಂದಬೇಕು. ಆರ್.ಸಿ.ಯಲ್ಲಿರುವ ಚಾಸಿ ನಂಬರ್ ಕೊಟ್ಟರೆ ಸರಿಯಾದ ಪಾರ್ಟ್ ನಂಬರ್ ಸಿಗುತ್ತದೆ. ಹುಡುಗರು ಆಸೆಪಡುವ ರೇಸಿಂಗ್ ಕ್ಲಚ್ ದಿನಬಳಕೆಗೆ ಬೇಡ. ಪೆಡಲ್ ಬಿಗಿ, ಹಿಡಿಯುವಾಗ ಎಳೆತ ಜಾಸ್ತಿ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಕಪ್ಪೆಯ ಹಾಗೆ ಕುಪ್ಪಳಿಸಬೇಕಾಗುತ್ತದೆ.

ಗೇರ್ ಬಾಕ್ಸ್ ಇಳಿದ ದಿನ ಆಗುವುದಾದರೆ ನೀವೇ ಹೋಗಿ ನಿಲ್ಲಿ. ಫ್ಲೈವೀಲ್ ಮೇಲೆ ನೀಲಿ ಕಲೆ, ಗೀರು, ಬಿರುಕು ಇದೆಯಾ ನೋಡಿ. ಎಂಜಿನ್ ಕಡೆಯಿಂದ ಎಣ್ಣೆ ಸೋರುತ್ತಿದ್ದರೆ ಆ ಸೀಲನ್ನೂ ಆಗಲೇ ಹಾಕಿಸಬೇಕು. ಇಲ್ಲದಿದ್ದರೆ ಹೊಸ ಪ್ಲೇಟಿಗೂ ಎಣ್ಣೆ ಕುಡಿಸಿದಂತೆ. ಕೆಲವು ಡೀಸೆಲ್ ಕಾರುಗಳಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ ಇರುತ್ತದೆ, ಅದಕ್ಕೆ ಬೇರೆಯೇ ದೊಡ್ಡ ಮೊತ್ತ. ಎಸ್ಟಿಮೇಟ್ ಬರೆಸುವಾಗಲೇ ಕೇಳಿಕೊಳ್ಳಿ. ಹಳೆಯ ಸಾಮಾನನ್ನು ಕೇಳಿ ವಾಪಸ್ ತನ್ನಿ. ಆದರೆ ಅದರ ಧೂಳನ್ನು ಮಕ್ಕಳು ಊದದಂತೆ ನೋಡಿಕೊಳ್ಳಿ, ಹಿಂದೆ ಇಂಥ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಹಾಕುತ್ತಿದ್ದರು.

ಹೊಸದು ಹಾಕಿಸಿದ ಮೊದಲ ಕೆಲವು ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ. ಆ ವಾರವೇ ಆಗುಂಬೆ ಘಾಟಿ ಹತ್ತಬೇಡಿ. ಏರಿನಲ್ಲಿ ಟ್ರಾಫಿಕ್ ನಿಂತಾಗ ಅರ್ಧ ಕ್ಲಚ್ಚಿನಲ್ಲಿ ಕಾರನ್ನು ತೂಗಿ ಹಿಡಿಯುವ ಬದಲು ಹ್ಯಾಂಡ್ ಬ್ರೇಕ್ ಎಳೆಯಿರಿ. ಓಡಿಸುವಾಗ ಎಡಗಾಲಿನ ಜಾಗ ಪೆಡಲ್ ಮೇಲಲ್ಲ, ಅದರ ಪಕ್ಕದ ನೆಲ. ಬದಲಿಸಿದ ತಾರೀಕು, ಮೀಟರಿನ ಅಂಕಿ, ಪಾರ್ಟ್ ನಂಬರ್ ಮೂರನ್ನೂ ಬಿಲ್ಲಿನ ಹಿಂದೆ ಬರೆದು ಆರ್.ಸಿ. ಜೊತೆ ಇಟ್ಟುಬಿಡಿ.