ಉದ್ಘಾಟನೆಗೆ ಬಂದವರು ರಿಪೇರಿಗೂ ಬರಲಿ



ನಮ್ಮ ಊರುಗಳಲ್ಲಿ ದಾನ ಕೊಡುವವರಿಗೆ ಕೊರತೆಯಿಲ್ಲ. ಕೊಟ್ಟದ್ದನ್ನು ಕಾಯುವವರಿಗೆ ಕೊರತೆ. ನಾಲ್ಕು ಹಳ್ಳಿ ಸುತ್ತಿ ಬಂದರೆ ಇಂಥ ದೃಶ್ಯ ಒಂದಾದರೂ ಕಣ್ಣಿಗೆ ಬೀಳುತ್ತದೆ: ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಬೀಗ, ಗೋಡೆಯ ಮೇಲೆ ದಾನಿಯ ಹೆಸರು ಮಾತ್ರ ಫಳಫಳ. ಶಾಲೆಯಲ್ಲಿ ಶೌಚಾಲಯವಿದೆ, ನೀರಿಲ್ಲ. ಕಂಪ್ಯೂಟರ್‌ಗಳಿವೆ, ಧೂಳು ಹೊದ್ದು ಮಲಗಿವೆ.

ಸರ್ಕಾರಿ ಎಂಜಿನಿಯರ್ ಆಗಿ ನಾನು ಮೂರು ದಶಕ ಕಂಡದ್ದೂ ಇದನ್ನೇ. ಹೊಸ ಕಾಮಗಾರಿಯೆಂದರೆ ಹಣ, ಶಾಮಿಯಾನ, ಹಾರ-ತುರಾಯಿ ಎಲ್ಲವೂ ಬರುತ್ತಿದ್ದವು. ಎರಡು ವರ್ಷದ ನಂತರ ಒಂದು ವಾಲ್ವ್ ಬದಲಿಸಬೇಕೆಂದರೆ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. ಸರ್ಕಾರದ ಈ ರೋಗ ಈಗ ನಮ್ಮ ಸಣ್ಣ ಉದ್ದಿಮೆದಾರರಿಗೂ ಅಂಟಿದೆ. ಈ ಬರಹ ಅವರನ್ನು ಕುರಿತದ್ದು. ಫೌಂಡ್ರಿ, ಅಕ್ಕಿ ಗಿರಣಿ, ಬೇಳೆ ಗಿರಣಿ, ವರ್ಕ್‌ಶಾಪ್ ನಡೆಸುತ್ತಾ ಹತ್ತು, ಇಪ್ಪತ್ತು, ಐವತ್ತು ಜನರಿಗೆ ಅನ್ನ ಕೊಡುತ್ತಿರುವ ನಮ್ಮವರನ್ನು ಕುರಿತದ್ದು.

2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಆಸ್ತಿ, ಇಲ್ಲವೆ 1,000 ಕೋಟಿ ವಹಿವಾಟು, ಇಲ್ಲವೆ 5 ಕೋಟಿ ನಿವ್ವಳ ಲಾಭವಿರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವಿನಿಯೋಗಿಸಬೇಕೆಂದು ಅದು ವಿಧಿಸಿತು. ಸಣ್ಣ ಕಂಪನಿಗಳಿಗೆ ಆ ಕಟ್ಟು ಇಲ್ಲ. ಕೊಟ್ಟರೆ ಮನಸ್ಸಿನಿಂದ ಕೊಟ್ಟಂತೆ. ಆದರೆ ನಮ್ಮವರು ಏನು ಮಾಡುತ್ತಾರೆ? ದೊಡ್ಡವರ ನಡಿಗೆ ನೋಡಿ ತಾವೂ ಹಾಗೇ ನಡೆಯಲು ಹೋಗುತ್ತಾರೆ. ಅವರು ಕಟ್ಟಡ ಕಟ್ಟಿಸಿದರೆ ಇವರು ಕಮಾನು ಕಟ್ಟಿಸುತ್ತಾರೆ. ಅವರು ಆಸ್ಪತ್ರೆಗೆ ಯಂತ್ರ ಕೊಟ್ಟರೆ ಇವರು ಶಾಲೆಗೆ ಗೋಡೆ ಗಡಿಯಾರ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಗಡಿಯಾರದ ಸೆಲ್ ಮುಗಿದ ಮೇಲೆ ಆ ಕಡೆ ತಲೆ ಹಾಕುವವರಿಲ್ಲ.

ಸಣ್ಣ ಕಂಪನಿಯ ಬಳಿ ಇರುವ ನಿಜವಾದ ಸಂಪತ್ತು ಬೇರೆಯೇ ಇದೆ. ಅಲ್ಲಿ ಫಿಟ್ಟರ್ ಇದ್ದಾನೆ, ವೆಲ್ಡರ್ ಇದ್ದಾನೆ, ಎಲೆಕ್ಟ್ರಿಷಿಯನ್ ಇದ್ದಾನೆ. ಸ್ಪ್ಯಾನರ್, ಪಿಕಪ್ ಗಾಡಿ ಇವೆ. ಎಲ್ಲಕ್ಕಿಂತ ಮಿಗಿಲಾಗಿ, ಊರು ಕೂಗಳತೆಯಲ್ಲಿದೆ. ದೂರದ ನಗರದಲ್ಲಿ ಕುಳಿತ ಕೋಟ್ಯಧೀಶನಿಗೆ ಇದು ಸಿಗುವುದಿಲ್ಲ. ಆದ್ದರಿಂದ ನನ್ನ ವಾದ ಇಷ್ಟೇ: ಸಣ್ಣ ಕಂಪನಿ ಹೊಸದನ್ನು ಕಟ್ಟಿಸುವ ಚಪಲ ಬಿಟ್ಟು, ಊರಲ್ಲಿ ಇರುವುದನ್ನು ನಡೆಸುವ ಹೊಣೆ ಹೊರಬೇಕು.

ನೀರಿನ ಘಟಕವನ್ನೇ ನೋಡಿ. ಅದು ಕೆಡುವುದು ಬಹಳ ಸಲ ದೊಡ್ಡ ಕಾರಣಕ್ಕಲ್ಲ. ಮರಳಿನ ಫಿಲ್ಟರನ್ನು ತೊಳೆಯುವುದಿಲ್ಲ, ಕಾರ್ಟ್ರಿಜ್ ಬದಲಿಸುವುದಿಲ್ಲ. ಕೆಸರು ಹೋಗಿ ಮೆಂಬ್ರೇನ್ ಮೇಲೆ ಕೂರುತ್ತದೆ. ಒತ್ತಡ ಏರುತ್ತದೆ, ನೀರು ಬರುವುದು ಕಡಿಮೆಯಾಗುತ್ತದೆ, ಒಂದು ದಿನ ಎಲ್ಲ ನಿಲ್ಲುತ್ತದೆ. ಅಗ್ಗದ ಕಾರ್ಟ್ರಿಜ್ ಉಳಿಸಲು ಹೋಗಿ ದುಬಾರಿ ಮೆಂಬ್ರೇನ್ ಕಳೆದುಕೊಳ್ಳುತ್ತೇವೆ. ಕೊಪ್ಪಳ, ರಾಯಚೂರು, ಕೋಲಾರ, ಪಾವಗಡದ ಕಡೆ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ತಕ್ಕದ್ದಲ್ಲ. ಅಲ್ಲಿ ಘಟಕ ನಿಂತ ದಿನದಿಂದ ಮಕ್ಕಳು ಮತ್ತೆ ಅದೇ ನೀರು ಕುಡಿಯುತ್ತಾರೆ. ಮೊದಲು ಹಲ್ಲಿಗೆ ಕಂದು ಕಲೆ, ವರ್ಷಗಳು ಕಳೆದಂತೆ ಮೂಳೆ-ಕೀಲುಗಳಿಗೆ ಕೇಡು. ದಾನಿಯ ಹೆಸರು ಬರೆದ ಗೋಡೆ ಆ ಮಗುವಿಗೆ ಏನು ಕೊಟ್ಟಂತಾಯಿತು?

ಈಗ ಲೆಕ್ಕ ಹಾಕೋಣ. ವಾರಕ್ಕೆ ಎರಡು ಗಂಟೆ ನಿಮ್ಮ ಫಿಟ್ಟರನ್ನು, ಸಂಬಳ ಕಡಿಯದೆ, ಊರಿನ ಘಟಕಕ್ಕೆ ಮತ್ತು ಶಾಲೆಯ ನಲ್ಲಿ-ಮೋಟಾರಿಗೆ ಕಳಿಸಿ. 50 ವಾರಕ್ಕೆ 100 ಗಂಟೆಗಳ ನುರಿತ ದುಡಿಮೆ. ಲಾಭ 20 ಲಕ್ಷ ಎಂದಿಟ್ಟುಕೊಂಡರೆ ಅದರ ಶೇ. 2 ಎಂದರೆ 40,000 ರೂಪಾಯಿ, ತಿಂಗಳಿಗೆ ಸುಮಾರು 3,300. ಈ ಹಣದಲ್ಲಿ ಕಮಾನು ಏಳುವುದಿಲ್ಲ. ಆದರೆ ಕಾರ್ಟ್ರಿಜ್, ವಾಷರ್, ವಾಲ್ವ್, ಸ್ವಿಚ್ಚುಗಳಿಗೆ ದಾರಿಯಾಗುತ್ತದೆ. ಇದನ್ನು ಲಾಭ ಬಂದ ವರ್ಷದ ಔದಾರ್ಯವೆಂದು ನೋಡಬೇಡಿ. ವಿದ್ಯುತ್ ಬಿಲ್ಲಿನ ಹಾಗೆ ತಿಂಗಳ ವೆಚ್ಚದ ಸಾಲಿನಲ್ಲಿ ಬರೆಯಿರಿ.

ಮಳೆನೀರಿನ ಲೆಕ್ಕವೂ ಇದೆ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಶೆಡ್ 1,000 ಚದರ ಮೀಟರ್ ಇದ್ದು, ವರ್ಷಕ್ಕೆ 600 ಮಿ.ಮೀ. ಮಳೆಯಾದರೆ 6 ಲಕ್ಷ ಲೀಟರ್. ಐದರಲ್ಲಿ ಒಂದು ಪಾಲು ಸೋರಿ ಹೋದರೂ 4.8 ಲಕ್ಷ ಲೀಟರ್ ಉಳಿಯಿತು. ನಿಮ್ಮ ಕೊಳವೆಬಾವಿಯೂ ಊರಿನ ಕೊಳವೆಬಾವಿಯೂ ನೀರೆತ್ತುವುದು ಅದೇ ನೆಲದಿಂದ. ತಗಡಿನ ಮೇಲಿನ ಮೊದಲ ಮಳೆಯ ಕೊಳೆ ಹರಿದುಹೋಗಲು ಬಿಟ್ಟು, ಉಳಿದದ್ದನ್ನು ಶೋಧಿಸಿ ಇಂಗುಗುಂಡಿಗೆ ಇಳಿಸಿ. ಎಣ್ಣೆ ಬೆರೆತ ನೀರು ಮಾತ್ರ ಅದರ ಹತ್ತಿರ ಸುಳಿಯದಿರಲಿ. ಇದನ್ನು ದಾನವೆಂದು ಕರೆಯಲೂ ಬೇಕಿಲ್ಲ. ತೆಗೆದುಕೊಂಡದ್ದನ್ನು ಮರಳಿಸಿದ್ದು ಅಷ್ಟೆ.

ಇದಕ್ಕಿಂತ ಮೊದಲು ಗೇಟಿನ ಒಳಗೆ ನೋಡಬೇಕು. ಹತ್ತು ಜನ ದುಡಿಯುವ ಕಾರ್ಖಾನೆಗೆ ಇಎಸ್‌ಐ, ಇಪ್ಪತ್ತು ಜನರಿದ್ದರೆ ಭವಿಷ್ಯ ನಿಧಿ ಕಾನೂನಿನಂತೆ ಸಲ್ಲಬೇಕು. ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ತೋರಿಸಿ ಜಾತ್ರೆಗೆ ಹತ್ತು ಚೀಲ ಅಕ್ಕಿ ಕಳಿಸುವುದು ಯಾವ ಲೆಕ್ಕದ ದಾಸೋಹ? ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ದೊಡ್ಡ ಕಂಪನಿ ನಮಗೆ ಹಣ ಕೊಡಲಿಲ್ಲವೆಂದು ಗೋಳಾಡುವ ನಾವೇ, ನಮಗೆ ಲೇತ್ ಕೆಲಸ ಮಾಡಿಕೊಟ್ಟ ಪಕ್ಕದ ಗಲ್ಲಿಯವನನ್ನು ಆರು ತಿಂಗಳು ಅಲೆಸುತ್ತೇವೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಅಲ್ಲೇ ಸುರಿದು ಬನ್ನಿ ಎಂದವರು ಲಕ್ಕಮ್ಮ ತಾಯಿ. ಹೆಚ್ಚಿಗೆ ಬಂದ ಅಕ್ಕಿಯೇ ಆ ಮನೆಯ ದಾಸೋಹಕ್ಕೆ ಸಲ್ಲಲಿಲ್ಲ. ಇನ್ನು ದುಡಿದವನಿಗೆ ಕೊಡದೆ ಉಳಿಸಿಕೊಂಡ ಹಣ ಸಲ್ಲುತ್ತದೆಯೇ?

ಇಲ್ಲಿ ಎರಡು ತಕರಾರು ಬರುತ್ತವೆ. ಮೊದಲನೆಯದು, "ಸಾಲದ ಕಂತು, ಜಿಎಸ್‌ಟಿ, ಕಚ್ಚಾ ಮಾಲಿನ ಬೆಲೆ, ನಮಗೇ ಸಾಲದು." ಒಪ್ಪೋಣ. ನಷ್ಟದ ವರ್ಷ ಹಣ ಕೊಡಬೇಡಿ, ಆದರೆ ಆ ಎರಡು ಗಂಟೆ ನಿಲ್ಲಿಸಬೇಡಿ. ಆರ್ಡರ್ ಕಡಿಮೆಯಾದಾಗ ಫಿಟ್ಟರ್‌ಗೆ ಬಿಡುವು ಹೆಚ್ಚೇ ಇರುತ್ತದೆ. ಎರಡನೆಯದು, "ಅದು ಪಂಚಾಯಿತಿಯ ಕೆಲಸ, ನಾವೇಕೆ ಮಾಡಬೇಕು?" ಈ ಮಾತಿನಲ್ಲಿ ಹುರುಳಿದೆ. ಪಂಚಾಯಿತಿಯ ಹೊಣೆಯನ್ನು ನಾವು ಕಿತ್ತುಕೊಳ್ಳಬಾರದು, ಅದು ಜಾರಿಕೊಳ್ಳಲೂ ಬಿಡಬಾರದು. ಆದ್ದರಿಂದ ಬಾಯಿಮಾತು ಬೇಡ. ಯಾವ ಕೆಲಸ ಕಂಪನಿಯದು, ಯಾವುದು ಪಂಚಾಯಿತಿಯದು, ಶಾಲೆಯಾದರೆ ಮೇಲುಸ್ತುವಾರಿ ಸಮಿತಿಯದು ಏನು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ. ಕೆಲಸ ಮಾಡಿದ ದಿನಾಂಕವನ್ನು ಘಟಕದ ಗೋಡೆಯ ಮೇಲೆ ಬರೆಯಿರಿ. ಹೆಸರು ಬೇಡ, ದಿನಾಂಕ ಸಾಕು.

ಕೊನೆಯ ಮಾತು ಮಠಗಳಿಗೆ, ಭಕ್ತಿಯಿಂದಲೇ. ದಾನಿಗಳು ಏನು ಕೊಡುತ್ತಾರೆ ಎಂಬುದು ವೇದಿಕೆ ಯಾರಿಗೆ ಶಾಲು ಹೊದಿಸುತ್ತದೆ ಎಂಬುದನ್ನು ಅವಲಂಬಿಸಿದೆ. ಚೆಕ್ಕಿನ ಮೊತ್ತ ನೋಡಿ ಕುರ್ಚಿ ಹಾಕುವವರೆಗೂ ಕಮಾನುಗಳು ಏಳುತ್ತಲೇ ಇರುತ್ತವೆ. ಪೂಜ್ಯರು ಈ ವರ್ಷದ ಸಮಾರಂಭದಲ್ಲಿ ಹೊಸ ದಾನಿಯ ಹೆಸರು ಕರೆಯುವ ಮೊದಲು ಹೋದ ವರ್ಷದ ದಾನಿಯನ್ನು ಕರೆದು ಒಂದೇ ಪ್ರಶ್ನೆ ಕೇಳಲಿ: "ನೀವು ಕೊಟ್ಟದ್ದು ಈಗಲೂ ನಡೆಯುತ್ತಿದೆಯೇ?" ನಡೆಯುತ್ತಿದ್ದರೆ ಶಾಲು ಅವರಿಗೆ, ಅವರ ಜೊತೆಗೆ ಆ ಫಿಟ್ಟರ್‌ಗೂ ಸಲ್ಲಲಿ. ನಿಂತಿದ್ದರೆ ಮುಂದಿನ ಸೋಮವಾರ ಸ್ಪ್ಯಾನರ್ ಹಿಡಿದು ಒಬ್ಬರನ್ನು ಕಳಿಸಲಿ.